ಗಣಿತದ ಸರ್ ಆದ ಮೇಲಿನ ಪೀರಿಯಡ್

ಹೋದ ತಿಂಗಳು ತೀರಿಕೊಂಡ ನಮ್ಮ ಗಣಿತದ ಸರ್ ಅವರಿಗೆ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಹಳೆಯ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಎದ್ದು ಒಂದೇ ಮಾತು ಹೇಳಿದರು. ಸರ್ ಎಂದೂ ಹೊಡೆಯಲಿಲ್ಲ, ಬೈಯಲಿಲ್ಲ, ಧ್ವನಿ ಏರಿಸಲಿಲ್ಲ. ಆದರೂ ಅವರ ಕ್ಲಾಸಿನಲ್ಲಿ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಕೇಳಿಸುತ್ತಿತ್ತು. ನಾನು ಮುಂದಿನ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅವರು ಹೇಳಿದ್ದೆಲ್ಲ ಖರೆಯೇ. ಆದರೆ ಅದು ಅರ್ಧ ಕಥೆ. ಉಳಿದ ಅರ್ಧ ನನ್ನ ಹತ್ತಿರ ಇದೆ, ಯಾಕೆಂದರೆ ಅವರ ಪೀರಿಯಡ್ ಮುಗಿದ ಕೂಡಲೇ ಅದೇ ಕ್ಲಾಸಿಗೆ ಹೋಗುತ್ತಿದ್ದವಳು ನಾನು. ನನ್ನನ್ನೂ ಮಾತಾಡಲು ಕರೆದರು. ‘ಭಾಳ ಒಳ್ಳೆಯವರಿದ್ದರು’ ಎಂದಷ್ಟೇ ಹೇಳಿ ಕೂತುಬಿಟ್ಟೆ. ಸತ್ತವರ ಮೇಲೆ ಮೈಕು ಹಿಡಿದು ಜಗಳ ತೆಗೆಯಬಾರದು. ಕಾಗದದ ಮೇಲೆ ತೆಗೆಯಬಹುದು ಎಂದುಕೊಂಡಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ.

ನಾನು ವಿಜ್ಞಾನದ ಟೀಚರಾಗಿ ಆ ಹೈಸ್ಕೂಲು ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಧಾರವಾಡದ ಲಕಮನಹಳ್ಳಿಯ ಕಡೆ ಇದ್ದ ಖಾಸಗಿ ಶಾಲೆ. ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು, ಸುತ್ತಲಿನ ಹಳ್ಳಿಯ ಒಕ್ಕಲುತನದವರ ಮಕ್ಕಳು, ಬೆಂಚಿಗೆ ನಾಲ್ವರು ಕೂರುವಲ್ಲಿ ಆರು ಜನ. ಎರಡು ವರ್ಷ ನಾನು ತಾತ್ಕಾಲಿಕ. ಆಮೇಲೆ ಸಂಸ್ಥೆಯ ಕಾರ್ಯದರ್ಶಿಗಳು ಬಂದು ನನ್ನ ಕ್ಲಾಸು ನೋಡಿ, ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ತೀರ್ಮಾನಿಸುತ್ತಾರೆ ಎಂದು ಮೊದಲೇ ಹೇಳಿದ್ದರು. ಅಪ್ಪ ಇರಲಿಲ್ಲ. ಮನೆಯಲ್ಲಿ ಅವ್ವ, ಕಾಲೇಜಿಗೆ ಹೋಗುವ ತಂಗಿ. ಆ ನೌಕರಿ ನನಗೆ ಬೇಕೇ ಬೇಕಿತ್ತು.

ಒಂಬತ್ತನೇ ಬಿ ಕ್ಲಾಸಿಗೆ ಎರಡನೇ ಪೀರಿಯಡ್ ಗಣಿತ, ಮೂರನೇ ಪೀರಿಯಡ್ ವಿಜ್ಞಾನ. ಸರ್ ಕ್ಲಾಸಿಗೆ ಹೋಗುವ ಚೆಂದವನ್ನು ಮೊದಲ ವಾರ ನಾನೂ ಬಾಗಿಲ ಮರೆಯಲ್ಲಿ ನಿಂತು ನೋಡಿದ್ದುಂಟು. ಒಳಗೆ ಬರುತ್ತಿದ್ದರು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಡುತ್ತಿದ್ದರು. ಎರಡೂ ಕೈ ಹಿಂದಕ್ಕೆ ಕಟ್ಟಿ ಕಿಟಕಿಯಿಂದ ಹೊರಗೆ ನೋಡುತ್ತ ನಿಲ್ಲುತ್ತಿದ್ದರು, ಅಷ್ಟೇ. ‘ಸೈಲೆನ್ಸ್’ ಇಲ್ಲ, ‘ಕೈ ಕಟ್ರಿ, ಬಾಯಿ ಮುಚ್ರಿ’ ಇಲ್ಲ. ಗದ್ದಲ ತಾನಾಗಿ ಇಳಿಯುವ ತನಕ ನಿಂತೇ ಇರುವುದು. ಯಾರಾದರೂ ಹುಡುಗ ತಡೆಯಲಾರದೆ ‘ಸರ್, ಲೆಕ್ಕಾ ಹೇಳ್ರಿ’ ಅಂದರೆ, ‘ನಿಮ್ಮದು ಮುಗೀಲಿ ತಮ್ಮಾ. ನನಗೇನು ಅವಸರ ಇಲ್ಲ’ ಎನ್ನುತ್ತಿದ್ದರು. ಅದೂ ಎಂಥ ಧ್ವನಿ! ಪಕ್ಕದಲ್ಲಿ ಕೂತವರಿಗೆ ಗುಟ್ಟು ಹೇಳುವಂಥ ಧ್ವನಿ. ಆಮೇಲೆ ಇಡೀ ಪಾಠ ಅದೇ ಧ್ವನಿಯಲ್ಲಿ. ಹಿಂದಿನ ಬೆಂಚಿನವರು ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿದು ಕೇಳಬೇಕು. ಒಂದು ಸಾಲು ತಪ್ಪಿಸಿಕೊಂಡರೆ ಲೆಕ್ಕ ಹೋಯಿತು. ಹುಡುಗರು ನಲವತ್ತು ನಿಮಿಷ ಕೆಮ್ಮನ್ನು ಕೂಡ ನುಂಗಿಕೊಂಡು ಕೂರುತ್ತಿದ್ದರು.

ಇನ್ನು ನನ್ನ ಪಾಡು ಕೇಳಿರಿ. ನಲವತ್ತು ನಿಮಿಷ ನುಂಗಿದ್ದನ್ನು ಆ ಮಕ್ಕಳು ಎಲ್ಲಿ ಕಕ್ಕಬೇಕು? ಗಂಟೆ ಹೊಡೆಯುತ್ತಿತ್ತು. ಸರ್ ಗಡಿಯಾರ ಕಟ್ಟಿಕೊಂಡು ಹೊರಗೆ ಬರುತ್ತಿದ್ದರು. ಬಾಗಿಲಲ್ಲಿ ಎದುರಾದಾಗ ‘ಬರ್ರಿ ಅಕ್ಕೋರ’ ಎಂದು ಮನೆಗೆ ಬಂದ ಬೀಗರನ್ನು ಕರೆದಂತೆ ಕರೆದು, ನನಗೆ ದಾರಿ ಬಿಟ್ಟು ಹೋಗುತ್ತಿದ್ದರು. ನಾನು ಒಳಗೆ ಕಾಲಿಡುವುದೇ ತಡ, ಕಟ್ಟೆ ಒಡೆಯುತ್ತಿತ್ತು. ನನ್ನ ಪೆನ್ನು ಕೊಡಲೇ, ಕಾಲ್ಯಾಕ ತುಳದಿ, ನಿನ್ನೆ ಮ್ಯಾಚ್‌ನ್ಯಾಗ ಯಾರು ಔಟಾದ್ರು, ಟೀಚರ್ರೀ ಇಂವ ನೋಡ್ರೀ. ನಾನು ಸೀಮೆಸುಣ್ಣ ಹಿಡಿದು ಸಂತೆಯಲ್ಲಿ ದಾರಿ ತಪ್ಪಿದವಳ ಹಾಗೆ ನಿಂತಿರುತ್ತಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಅವರು ಮಾಡಿದ್ದನ್ನು ನಾನು ಉಣ್ಣುತ್ತಿದ್ದೆ.

ಹೆಡ್‌ಮಾಸ್ತರರ ಕೋಣೆ ಗೋಡೆಯಾಚೆಗೇ ಇತ್ತು. ಅವರು ಒಂದು ದಿನ ಕರೆದು ಕೇಳಿದರು:

“ಅಕ್ಕೋರ, ಅದ ಹುಡುಗ್ರು, ಅದ ಬೆಂಚು. ಅವರ ಕ್ಲಾಸಿನ್ಯಾಗ ಹಾಂ ಅನ್ನಂಗಿಲ್ಲ, ಹೂಂ ಅನ್ನಂಗಿಲ್ಲ. ನಿಮ್ಮ ಕ್ಲಾಸಿನ್ಯಾಗ ಅಮರಗೋಳದ ಮಾರ್ಕೆಟ್ ಯಾರ್ಡಿನ ಹರಾಜು ನಡದಂಗ ಕೇಳಸ್ತೈತಿ. ತಪ್ಪು ಹುಡುಗರದಂತೀರೇನು?”

“ಹುಡುಗರದಲ್ರಿ. ನನಗಿಂತ ಮೊದಲಿನ ಪೀರಿಯಡ್ಡಿಂದು.”

ಅವರಿಗೆ ಅರ್ಥವಾಗಲಿಲ್ಲ. ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಳ್ಳೆಯ ಕ್ಲಾಸು ನಡೆಸುವವನಿಂದ ಪಕ್ಕದವಳಿಗೆ ಕೇಡಾಗುತ್ತದೆ ಎಂದರೆ ಯಾರು ನಂಬುತ್ತಾರೆ? ಹೊಟ್ಟೆಕಿಚ್ಚು ಅನ್ನುತ್ತಾರೆ.

ನಾನು ಮಾಡದ ಉಪಾಯವಿಲ್ಲ. ಡಸ್ಟರಿನಿಂದ ಮೇಜು ಕುಟ್ಟಿ ಕುಟ್ಟಿ ಮೇಜಿನ ಒಂದು ಮೂಲೆ ಕಿತ್ತು ಬಂತು. ಗದ್ದಲ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯಲು ಮಾನಿಟರನಿಗೆ ಹೇಳಿದೆ. ಆ ಭೂಪ ತನಗೆ ಆಗದವರ ಹೆಸರನ್ನೆಲ್ಲ ಬರೆದು ಬೋರ್ಡು ತುಂಬಿಸಿಬಿಟ್ಟ. ಹೆಸರು ಬಿದ್ದವರು ಅವನ ಮೇಲೆ ಏರಿ ಹೋದರು, ದ್ಯುತಿಸಂಶ್ಲೇಷಣೆ ಬರೆಯಲು ನನಗೆ ಜಾಗವೇ ಉಳಿಯಲಿಲ್ಲ. ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ಅವ್ವ ಮೆಣಸಿನ ಕಷಾಯ ಕಾಸಿ ಕೊಡುತ್ತ, “ಕಾಯಿಪಲ್ಯ ಮಾರೂ ಬುಟ್ಟಿ ಹೊರಬೇಕಿತ್ತು ನೀ. ಇಷ್ಟ ಒದರಿದ್ರ ಅದರಾಗರ ಲಾಭ ಆಗ್ತಿತ್ತು” ಎಂದು ಹಂಗಿಸಿದಳು.

ಕೊನೆಗೆ ಸರ್ ಮಾಡಿದ್ದನ್ನೇ ಮಾಡೋಣವೆಂದು ಹೊರಟೆ. ಗಡಿಯಾರ ಬಿಚ್ಚಿ ಇಟ್ಟೆ, ಕೈ ಹಿಂದಕ್ಕೆ ಕಟ್ಟಿದೆ, ಕಿಟಕಿ ನೋಡುತ್ತ ನಿಂತೆ. ಗದ್ದಲ ಇಳಿಯಲಿಲ್ಲ. ಇಳಿಯುವ ಲಕ್ಷಣವೂ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಡಬ್ಬಿ ಬಿಚ್ಚಿ ರೊಟ್ಟಿ ಪಲ್ಯ ಮುಗಿಸಿದರು. ಶೇಂಗಾ ಚಟ್ನಿಯ ವಾಸನೆ ನನ್ನ ತನಕ ಬಂತು. ಅಷ್ಟರಲ್ಲಿ ಹೆಡ್‌ಮಾಸ್ತರರು ಬಾಗಿಲಲ್ಲಿ ಇಣುಕಿದರು. ಕ್ಲಾಸು ಹೊತ್ತಿ ಉರಿಯುತ್ತಿದೆ, ಟೀಚರು ಹೊರಗಿನ ಬೇವಿನ ಗಿಡ ನೋಡುತ್ತ ನಿಂತಿದ್ದಾಳೆ.

“ಅಕ್ಕೋರ, ಮೌನವ್ರತ ಹಿಡದೀರೇನ್ರಿ?”

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅವತ್ತು ಭೂಮಿ ಬಾಯಿಬಿಟ್ಟಿದ್ದರೆ ನಾನು ಒಳಗೆ ಹೋಗಲು ತಯಾರಿದ್ದೆ.

ಸರ್ ಅವರ ಆ ಧ್ವನಿ ಕ್ಲಾಸಿಗಷ್ಟೇ ಎಂದು ತಿಳಿಯಬೇಡಿರಿ. ಅದು ಅವರ ಹುಟ್ಟು ಧ್ವನಿ. ಒಮ್ಮೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಉತ್ತರ ಪತ್ರಿಕೆ ತಿದ್ದುವ ಕೆಲಸಕ್ಕೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿದ್ದೆವು. ಸರ್ ಮುಂದಿನ ಬಾಗಿಲ ಹತ್ತಿರ ನಿಂತಿದ್ದರು. ಸ್ಟಾಪ್ ಬಂದಾಗ ‘ಇಳಿಯೋರಿದೀವ್ರಿ’ ಎಂದು ತಮ್ಮ ಅಂಗಿಯ ಗುಂಡಿಗೆ ಹೇಳಿದರು. ಬಸ್ಸು ಹೊರಟೇಬಿಟ್ಟಿತು. ಹೀಗೆ ಎಷ್ಟೋ ಸಲ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ತನಕ ಹೋಗಿ, ಅಲ್ಲಿಂದ ಹಿಂದಕ್ಕೆ ಬಂದಿದ್ದರಂತೆ. ಕಂಡಕ್ಟರನೊಂದಿಗೆ ಒಮ್ಮೆಯೂ ತಕರಾರು ಮಾಡಿದವರಲ್ಲ. ನಾನು ಹಿಂದಿನಿಂದ “ಹೋಲ್ಡಾನ್ ಮಾಡ್ರೀ!” ಎಂದು ಒದರಿದೆ. ಬಸ್ಸು ಗಕ್ಕನೆ ನಿಂತಿತು, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಇಳಿದ ಮೇಲೆ ಸರ್ ಬಹಳ ಹೊತ್ತು ಯೋಚಿಸಿ ಹೇಳಿದರು:

“ಧ್ವನಿ ಛಲೋ ಅದ ನಿಮ್ಮದು.”

ನಾನು ಉಬ್ಬಿಹೋದೆ.

“ಬಸ್ಸಿಗೆ” ಎಂದು ಸೇರಿಸಿದರು.

ಅವರಿಂದ ಬರುತ್ತಿದ್ದ ಒಂದೇ ಒಂದು ದೊಡ್ಡ ಸಪ್ಪಳವೆಂದರೆ ಸೀನು. ಸ್ಟಾಫ್ ರೂಮಿನಲ್ಲಿ ಡಬ್ಬಿಯಿಂದ ತಪಕೀರು ತೆಗೆದು ಮೂಗಿಗೆ ಏರಿಸಿ, ಸ್ವಲ್ಪ ಹೊತ್ತು ಮೇಲೆ ನೋಡಿ, ಸೀನಿದರೆಂದರೆ ಗಿಡದ ಕಾಗೆಗಳು ಹಾರುತ್ತಿದ್ದವು. ಹುಡುಗರಿಗೆ ನಲವತ್ತು ನಿಮಿಷ ಕೆಮ್ಮಲು ಬಿಡದ ಮನುಷ್ಯ!

ಟೈಂಟೇಬಲ್ ಮಾಡುತ್ತಿದ್ದವರೂ ಅವರೇ. ಒಂದು ದಿನ ನಾನು ಹೋಗಿ ಎದುರಿಗೇ ನಿಂತೆ.

“ಸರ್, ನನ್ನ ಪೀರಿಯಡ್ ಬದಲಿ ಮಾಡ್ರಿ. ನಿಮ್ಮ ಹಿಂದ ಹೋಗಿ ಹೋಗಿ ಸಾಕಾಗೇತಿ ನನಗ.”

“ಹುಡುಗರ ಗದ್ದಲ ಅಂದ್ರ ಹಾಲಿದ್ದಂಗ್ರಿ ಅಕ್ಕೋರ. ಉಕ್ಕೂ ಹೊತ್ತಿಗೆ ಒಲಿ ಸಣ್ಣ ಮಾಡ್ಬೇಕು. ಬೈದ್ರ ಇಳಿಯಂಗಿಲ್ಲ.”

“ಕಾಸಾಕ ಇಡೋರು ನೀವು. ಅಡಗಿಮನಿ ಬಿಟ್ಟು ಹೋಗೋರೂ ನೀವು. ಉಕ್ಕಿದ್ದನ್ನ ಬಳಿಯೂದಷ್ಟ ನನ್ನ ಪಾಲಿಗೆ.”

ತಪಕೀರಿನ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡಿದರು. “ನೋಡೂಣ್ರಿ” ಅಂದರು. ನಮ್ಮ ಧಾರವಾಡದಲ್ಲಿ ‘ನೋಡೂಣು’ ಎಂದರೆ ‘ಇಲ್ಲ’ ಎಂದು ಅರ್ಥ. ಇಲ್ಲ ಎಂದು ಮುಖಕ್ಕೆ ಹೇಳುವುದು ಸಭ್ಯತೆ ಅಲ್ಲ, ಅದಕ್ಕೆ. ಟೈಂಟೇಬಲ್ ಬದಲಾಗಲಿಲ್ಲ.

ಎರಡನೇ ವರ್ಷದ ಫೆಬ್ರುವರಿಯಲ್ಲಿ ಕಾರ್ಯದರ್ಶಿಗಳು ಬರುವುದು ನಿಶ್ಚಯವಾಯಿತು. ಒಂಬತ್ತನೇ ಬಿ, ಮೂರನೇ ಪೀರಿಯಡ್, ವಿಜ್ಞಾನ ಎಂದು ಹೆಡ್‌ಮಾಸ್ತರರು ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವರೂ ಆ ಮೇ ತಿಂಗಳಿಗೆ ನಿವೃತ್ತರಾಗುವವರಿದ್ದರು. ಅವರ ಖುರ್ಚಿಗೆ ಗಣಿತದ ಸರ್ ಬರುತ್ತಾರೆಂದು ಸಿಪಾಯಿಯಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಹಿರಿತನದಲ್ಲಿ ಅವರೇ ಮೊದಲು. ಅಂಥ ಕ್ಲಾಸು ನಡೆಸುವವರು ಬೇರೆ ಯಾರಿದ್ದರು?

ಅವತ್ತು ಬೆಳಿಗ್ಗೆ ಬೇಗನೇ ಶಾಲೆಗೆ ಹೋದೆ. ಪ್ರಾರ್ಥನೆ ಮುಗಿದ ಕೂಡಲೇ ಸರ್ ಅವರನ್ನು ಬೇವಿನ ಗಿಡದ ಹತ್ತಿರ ಹಿಡಿದು ನಿಲ್ಲಿಸಿದೆ. ಬೇಡುವುದು ನನಗೆ ಬರುವುದಿಲ್ಲ. ಬೇಡಲು ಹೋದರೂ ಅದು ಜಗಳದ ಹಾಗೆಯೇ ಕೇಳಿಸುತ್ತದೆ.

“ಇವತ್ತೊಂದಿನ ಆ ಹುಡುಗರಿಗೆ ಉಸಿರಾಡಾಕ ಬಿಡ್ರಿ ಸರ್. ನೀವು ಇವತ್ತೂ ಬಾಯಿ ಕಟ್ಟಿ ಕೂಡಿಸಿದ್ರ, ನಾಳಿಂದ ನಾ ಮನ್ಯಾಗ ಕೂಡ್ತೇನಿ. ನೌಕರಿ ಹೋಗ್ತೈತಿ ನಂದು.”

“ಹೂಂ” ಅಂದರು. ಮತ್ತೇನೂ ಇಲ್ಲ. ಆ ಹೂಂ ಕೂಡ ನೋಡೂಣಿನ ಅಣ್ಣನೋ ತಮ್ಮನೋ ಎಂದು ನನಗೆ ತಿಳಿಯಲಿಲ್ಲ.

ಎರಡನೇ ಪೀರಿಯಡ್ ಶುರುವಾಯಿತು. ನಾನು ಸ್ಟಾಫ್ ರೂಮಿನಲ್ಲಿ ಪುಸ್ತಕ ತೆರೆದು ಕೂತಿದ್ದೆ, ಒಂದಕ್ಷರ ಕಾಣುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ಒಂಬತ್ತನೇ ಬಿಯಿಂದ ಶಬ್ದ ಬಂತು. ಎರಡೊಂದ್ಲ ಎರಡು, ಎರಡೆರಡ್ಲ ನಾಕು. ಮಗ್ಗಿ! ಮೀಸೆ ಮೂಡುವ ಹುಡುಗರ ಕೈಯಲ್ಲಿ ಎರಡರ ಮಗ್ಗಿ! ಮೊದಲು ನಾಚಿಕೆಯಿಂದ ಎಳೆದೆಳೆದು ಹೇಳಿದರು. ಆರರ ಮಗ್ಗಿಗೆ ಬರುವಾಗ ಹುರುಪು ಬಂದಿತ್ತು. ಹನ್ನೆರಡಕ್ಕೆ ಬಂದಾಗ ಹುಡುಗಿಯರ ಸಾಲು ಹೆಚ್ಚೋ ಹುಡುಗರ ಸಾಲು ಹೆಚ್ಚೋ ಎಂದು ಪೈಪೋಟಿ ಬಿದ್ದಿತ್ತು. ಹಂಚು ಹಾರಿಹೋಗುವಂತೆ ಒದರುತ್ತಿದ್ದರು. ಎದ್ದು ಹೋಗಿ ಬಾಗಿಲಲ್ಲಿ ನೋಡಿದೆ. ಮಕ್ಕಳೆಲ್ಲ ಎದ್ದು ನಿಂತಿದ್ದಾರೆ. ಸರ್ ಡಸ್ಟರಿನಿಂದ ಮೇಜು ಕುಟ್ಟುತ್ತ ತಾಳ ಹಾಕುತ್ತಿದ್ದಾರೆ. ಕಣ್ಣು ಮುಚ್ಚಿದ್ದಾರೆ. ಹಣೆಯ ಮೇಲೆ ಬೆವರು. ಹಲ್ಲುನೋವು ಬಂದವರ ಮುಖ ಹಾಗಿರುತ್ತದೆ.

ಹಾಳಾದ್ದು, ಕಾರ್ಯದರ್ಶಿಗಳು ಹೇಳಿದ ವೇಳೆಗಿಂತ ಮೊದಲೇ ಬಂದುಬಿಟ್ಟರು. ವರಾಂಡದಲ್ಲಿ ಬೂಟಿನ ಸಪ್ಪಳ ಮಾಡುತ್ತ ನೇರವಾಗಿ ಆ ಶಬ್ದ ಬರುವಲ್ಲಿಗೆ ನಡೆದರು. ಹಿಂದೆ ಹೆಡ್‌ಮಾಸ್ತರರು ಓಡುತ್ತ ಬಂದರು. ನಾನು ಪಕ್ಕಕ್ಕೆ ಸರಿದೆ.

“ಇದೇನ್ರೀ ಇದು? ಹೈಸ್ಕೂಲೋ, ಹಳ್ಳ್ಯಾಗಿನ ಗಾಂವಠಿ ಸಾಲಿಯೋ? ನಿಮ್ಮ ಕ್ಲಾಸಂದ್ರ ಹಂಗ, ನಿಮ್ಮ ಕ್ಲಾಸಂದ್ರ ಹಿಂಗ ಅಂತ ಕೇಳಿದ್ದೆ ನಾನು.”

ಸರ್ ಏನೋ ಉತ್ತರ ಹೇಳಿದರು. ಹುಡುಗರು ಹದಿನೇಳರ ಮಗ್ಗಿಯ ಉತ್ಸಾಹದಲ್ಲಿದ್ದರು. ಆ ಗದ್ದಲದಲ್ಲಿ ಅವರ ಧ್ವನಿ ಯಾರಿಗೂ ಕೇಳಿಸಲಿಲ್ಲ. ಕಾರ್ಯದರ್ಶಿಗಳು ತಲೆ ಕೊಡವಿ ಹೊರಗೆ ಬಂದರು. ಸರ್ ನಿಲ್ಲಿಸಲಿಲ್ಲ. ಗಂಟೆ ಹೊಡೆಯುವ ತನಕ, ಇಪ್ಪತ್ತರಿಂದ ಮತ್ತೆ ಕೆಳಗಿಳಿದು, ಮಗ್ಗಿ ಹೇಳಿಸಿಯೇ ಹೇಳಿಸಿದರು.

ಮೂರನೇ ಪೀರಿಯಡ್. ನಾನು ಒಳಗೆ ಹೋದೆ. ಕಾರ್ಯದರ್ಶಿಗಳು ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಒಂಬತ್ತನೇ ಬಿ ಬೆಂಚಿನ ಮೇಲೆ ಕುಸಿದು ಕೂತಿತ್ತು. ಒಬ್ಬರಲ್ಲೂ ಮಾತಾಡುವ ತ್ರಾಣ ಉಳಿದಿರಲಿಲ್ಲ. ನಾನು ಮಸೂರದ ಪಾಠ ಮಾಡಿದೆ. ಪ್ರಶ್ನೆ ಕೇಳಿದರೆ ಗೊಗ್ಗರು ಗಂಟಲಲ್ಲಿ ವಿನಯದಿಂದ ಉತ್ತರ ಹೇಳಿದರು. ಆ ಶಾಲೆಯಲ್ಲಿ ನನ್ನ ಪಾಠವನ್ನು ನಾನೇ ಕೇಳಿಸಿಕೊಂಡದ್ದು ಅವತ್ತೇ ಮೊದಲು. ಕೆಟ್ಟದ್ದೇನೂ ಇರಲಿಲ್ಲ, ಚೆನ್ನಾಗಿಯೇ ಮಾಡುತ್ತೇನೆ ಅನ್ನಿಸಿತು.

“ಛಲೋ ಕಂಟ್ರೋಲ್ ಐತಿ ನಿಮಗ” ಎಂದರು ಕಾರ್ಯದರ್ಶಿಗಳು. ನಾನು ಖಾಯಂ ಆದೆ.

ಮರುದಿನ ಸರ್ ಮತ್ತೆ ಗಡಿಯಾರ ಬಿಚ್ಚಿಟ್ಟು ಕಿಟಕಿಯ ಕಡೆ ತಿರುಗಿದರು. ಮೂರನೇ ಪೀರಿಯಡ್ಡಿಗೆ ಮತ್ತೆ ಕಟ್ಟೆ ಒಡೆಯಿತು. ಧನ್ಯವಾದ ಹೇಳಲು ಹೋದರೆ, “ಮಗ್ಗಿ ಮರ್ತಿದ್ರು, ಹೇಳಿಸಿದೆ” ಎಂದು ಸೈಕಲ್ ಹತ್ತಿ ಹೋಗಿಬಿಟ್ಟರು. ಉಪಕಾರ ಮಾಡಿ ಒಪ್ಪಿಕೊಳ್ಳದವರ ಜೊತೆ ಏಗುವುದು, ಅಪಕಾರ ಮಾಡಿದವರ ಜೊತೆ ಏಗುವುದಕ್ಕಿಂತ ಕಷ್ಟ.

ಜೂನಿನಲ್ಲಿ ಶಾಲೆ ತೆರೆದಾಗ ಹೆಡ್‌ಮಾಸ್ತರರ ಖುರ್ಚಿಯಲ್ಲಿ ಬೇರೆ ಶಾಲೆಯಿಂದ ಬಂದ, ಸರ್ ಅವರಿಗಿಂತ ಚಿಕ್ಕವರೊಬ್ಬರು ಕೂತಿದ್ದರು. ಕಾರ್ಯದರ್ಶಿಗಳು ಮೀಟಿಂಗಿನಲ್ಲಿ ಹೇಳಿದ ಮಾತನ್ನು ಕ್ಲಾರ್ಕು ನನ್ನ ಕಿವಿಗೆ ಹಾಕಿದ. “ವಯಸ್ಸಾಗೇತಿ ಅವರಿಗೆ. ಕ್ಲಾಸು ಕೈ ಬಿಟ್ಟೈತಿ, ನಾ ಕಣ್ಣಾರೆ ನೋಡೇನಿ. ಸಾಲಿ ಏನು ಹಿಡೀತಾರ?” ಅಂದರಂತೆ. ಕೇಳಿದವಳೇ ಸ್ಟಾಫ್ ರೂಮಿಗೆ ಹೋದೆ. ಸರ್ ಒಬ್ಬರೇ ಕೂತು ಹೊಸ ಟೈಂಟೇಬಲ್ಲಿಗೆ ಗೆರೆ ಎಳೆಯುತ್ತಿದ್ದರು.

“ನನ್ನ ಸಲುವಾಗಿ ಹೋತಲ್ರಿ ನಿಮ್ಮ ಖುರ್ಚಿ! ಯಾರು ಹೇಳಿದ್ರು ನಿಮಗ ಮಗ್ಗಿ ಹೇಳಸಂತ? ಒಂಚೂರು ಸಡ್ಲ ಬಿಡ್ರಿ ಅಂದಿದ್ದೆ ನಾನು. ಹಂಚು ಹಾರಸ್ರಿ ಅಂದಿದ್ನೇನು?”

“ಸಾವಕಾಶ ಅಕ್ಕೋರ.”

“ಸಾವಕಾಶ ಏನ್ ಸಾವಕಾಶ! ಮೊದಲ ಟೈಂಟೇಬಲ್ ಬದಲಿ ಮಾಡಿದ್ರ ಇದ್ಯಾವುದೂ ಆಗ್ತಿರಲಿಲ್ಲ. ಗೆರಿ ಎಳಿಯೋರು ನೀವ. ಅಳಿಸಿ ಬರದಿದ್ರ ಮುಗೀತಿತ್ತು.”

ಪೆನ್ಸಿಲ್ ಕೆಳಗಿಟ್ಟರು. ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

“ಯಾರನ್ನ ಹಾಕ್ಲಿ ಹೇಳ್ರಿ ನನ್ನ ಹಿಂದ? ಹಿಂದಿ ಅಕ್ಕೋರಿಗೆ ಬಿಪಿ ಅದ. ಸಮಾಜದ ಸರ್ ಕೈಯಾಗ ಕೋಲದ, ಹುಡುಗರ ಮೈ ಉಳಿಯಂಗಿಲ್ಲ. ನಿಮಗಿಂತ ಮೊದಲ ವಿಜ್ಞಾನಕ್ಕ ಇಬ್ಬರು ಬಂದಿದ್ರು. ಛಲೋ ಹುಡುಗ್ಯಾರು. ಇಬ್ಬರೂ ಇದ ಕೋಣ್ಯಾಗ ಕೂತು ಅತ್ತು, ನೌಕರಿ ಬಿಟ್ಟು ಹೋದ್ರು. ಅವರ ಸಲುವಾಗಿ ನಾ ಏನೂ ಮಾಡ್ಲಿಲ್ಲ. ನೀವು ಬಂದ್ರಿ. ನೀವು ಅಳಲಿಲ್ಲ, ಬೈದ್ರಿ. ಬೈದು ಮರುದಿನ ಮತ್ತ ಬಂದ್ರಿ. ಇವರು ಉಳೀತಾರ ಅಂತ ತಿಳೀತು ನನಗ.”

“ಅಷ್ಟು ಗೊತ್ತಿದ್ರ, ನಿಮ್ಮ ಕ್ಲಾಸಿನ್ಯಾಗ ಹುಡುಗರಿಗೆ ಒಂದೀಟು ಮಾತಾಡಾಕ ಬಿಡಬೇಕಿಲ್ಲೇನ್ರಿ?”

“ಬರಂಗಿಲ್ರಿ ನನಗ” ಅಂದರು. “ಗದ್ದಲ ಆದ್ರ ಲೆಕ್ಕ ತಪ್ಪತದ. ಮೊದಲಿಂದನೂ ಹಂಗ. ಮುಂದಿನ ಸಾಲು ಹೊಳಿಯಂಗ ಇಲ್ಲ. ಜನಾ ಅದನ್ನ ಶಿಸ್ತು ಅಂದ್ರು, ನಾ ಸುಮ್ಮನಿದ್ದೆ.”

ನಾನು ಧಪ್ಪನೆ ಕುರ್ಚಿಯಲ್ಲಿ ಕೂತೆ. ಊರೆಲ್ಲ ಹಾಡಿ ಹೊಗಳಿದ ಶಿಸ್ತು ಅದಾಗಿತ್ತು! ಅಂಥ ಮನುಷ್ಯ ಅವತ್ತು ಪೂರ್ತಿ ಪೀರಿಯಡ್ ಕಣ್ಣು ಮುಚ್ಚಿ ಆ ಗದ್ದಲದ ನಡುವೆ ನಿಂತಿದ್ದರು. ಅವರು ಪೆನ್ಸಿಲ್ ಎತ್ತಿಕೊಂಡು, ನನ್ನ ಕಣ್ಣೆದುರಿಗೇ, ಎರಡನೆಯದಕ್ಕೆ ಗಣಿತ, ಮೂರನೆಯದಕ್ಕೆ ವಿಜ್ಞಾನ ಎಂದು ಬರೆದರು.

ಹಾಗೆಯೇ ಏಳೆಂಟು ವರ್ಷ ನಡೆಯಿತು. ಪೀರಿಯಡ್ಡಿನ ಮೊದಲ ಐದು ನಿಮಿಷ ಹುಡುಗರದು, ಉಳಿದದ್ದು ನನ್ನದು ಎಂದು ನಾನು ಒಪ್ಪಂದ ಮಾಡಿಕೊಂಡೆ. ಆ ಐದು ನಿಮಿಷ ಏನು ಬೇಕಾದರೂ ಒದರಲಿ. ಕೆಲವು ದಿನ ಅದು ಹದಿನೈದಾಗುತ್ತಿತ್ತು. ಅದಕ್ಕೂ ಆ ಪುಣ್ಯಾತ್ಮರು ಪಕ್ಕದ ಹತ್ತನೇ ಕ್ಲಾಸಿನಿಂದ ಬಂದು, ಬಾಗಿಲಲ್ಲಿ ನಿಂತು, ‘ಸಾವಕಾಶ, ಲೆಕ್ಕ ತಪ್ಪಾಕತ್ತದ’ ಎಂದು ಹೇಳಿ ಹೋಗುತ್ತಿದ್ದರು. ಯಾರು ಹೇಳುವ ಮಾತು ನೋಡಿರಿ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಹುಡುಗರನ್ನು ಮಾತ್ರ ಸುಮ್ಮನಿರಿಸುತ್ತಿದ್ದೆ.

ಎರಡು ಸಾವಿರದ ಆಚೆ ಅವರು ನಿವೃತ್ತರಾದರು. ಹಾರ, ಶಾಲು, ಭಾಷಣ ಎಲ್ಲ ಹಿಂದಿನ ದಿನವೇ ಮುಗಿದಿತ್ತು. ಆದರೂ ಮರುದಿನ ಬಂದು ಎರಡನೇ ಪೀರಿಯಡ್ ತೆಗೆದುಕೊಂಡರು. ಲೆಕ್ಕವೊಂದು ಅರ್ಧಕ್ಕೆ ನಿಂತಿತ್ತಂತೆ. ಗಂಟೆ ಹೊಡೆದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅವರ ಜಾಗಕ್ಕೆ ಬಂದ ಹೊಸ ಹುಡುಗ, ಗಣಿತದವನು, ಪಕ್ಕದಲ್ಲಿ ನಿಂತಿದ್ದ. ಸರ್ ಗಡಿಯಾರ ಕಟ್ಟಿಕೊಳ್ಳುತ್ತ ಹೊರಗೆ ಬಂದು ಅವನಿಗೆ ಹೇಳಿದರು:

“ನಿಮ್ಮದಾದ ಮ್ಯಾಲಿನ ಪೀರಿಯಡ್ ಈ ಅಕ್ಕೋರದು. ಭಾಳ ಸಿಟ್ಟಿನವರು. ಇವರ ಸಿಟ್ಟಿನ ಮ್ಯಾಲ ಇಷ್ಟು ವರ್ಷ ನನ್ನ ಕ್ಲಾಸು ನಡೀತು.”

ಸಣ್ಣಂದಿನಿಂದ ನನ್ನ ಸಿಟ್ಟಿನ ಬಗ್ಗೆ ಜನ ಏನೇನೋ ಅಂದಿದ್ದಾರೆ. ಅದರಿಂದ ಯಾರಿಗಾದರೂ ಒಳ್ಳೆಯದಾಯಿತು ಎಂದು ಒಬ್ಬರೂ ಅಂದಿರಲಿಲ್ಲ. ನನಗೆ ಅಳು ಬಂತು. ಸಣ್ಣಗೆ ಅಳುವುದೂ ನನಗೆ ಬರುವುದಿಲ್ಲ. ವರಾಂಡದಲ್ಲಿ ನಿಂತು, ಹೊಸ ಹುಡುಗ ಗಾಬರಿಯಾಗಿ ಹಿಂದೆ ಸರಿಯುವ ಹಾಗೆ, ದನಿ ತೆಗೆದು ಅತ್ತೆ. ಒಳಗೆ ಒಂಬತ್ತನೇ ಬಿ ಕತ್ತು ಚಾಚಿ ನೋಡುತ್ತಿತ್ತು.

ಸರ್ ಅತ್ತಿತ್ತ ನೋಡಿದರು. ಒಂದು ಹೆಜ್ಜೆ ಹತ್ತಿರ ಬಂದರು. ಏನೋ ಸಮಾಧಾನ ಹೇಳುತ್ತಾರೆ ಎಂದುಕೊಂಡೆ.

“ಸಾವಕಾಶ ಅಕ್ಕೋರ” ಅಂದರು, ತಮ್ಮ ಅದೇ ಧ್ವನಿಯಲ್ಲಿ. “ಬಾಜೂಕ ಕ್ಲಾಸ್ ನಡದದ.”

ನಾನು ಸೆರಗು ಕಚ್ಚಿಕೊಂಡು ಸುಮ್ಮನಾದೆ.